ನಿಮಗಿದು ಗೊತ್ತೇ? ‘ನೀವು ಯಾರ ಪೈಕಿ?’

ನನ್ನಿವಾಳದ ಕಡೆಯ ಬಸ್ಸಿನಲ್ಲಿ, ಚಳ್ಳಕೆರೆಯ ಸಂತೆಯಲ್ಲಿ, ಮೊಳಕಾಲ್ಮೂರಿನ ಹೋಟೆಲಿನ ಬೆಂಚಿನ ಮೇಲೆ ಹೊಸಬರು ಜೊತೆಯಾದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು, ಅದಾದ ಮೇಲೆ ‘ನೀವು ಯಾರ ಪೈಕಿ?’ ಉತ್ತರ ಬಿದ್ದ ಮೇಲೆ ಮಾತಿನ ಧಾಟಿಯೇ ಬೇರೆ. ಕೆಲವೊಮ್ಮೆ ನಂಟು ಕೂಡಿಬರುತ್ತದೆ, ಕೆಲವೊಮ್ಮೆ ನೀರಿನ ಲೋಟ ಬದಲಾಗುತ್ತದೆ. ಎದುರಿಗೆ ಕೂತ ಮನುಷ್ಯ ಮಾತ್ರ ಮೊದಲಿದ್ದವನೇ. ಈ ಸಲದ ಅಂಕಣ ಪೂರ್ತಿ ಆ ಒಂದು ಪ್ರಶ್ನೆಗೆ ಮೀಸಲು.

◆ ಮೊಳಕಾಲ್ಮೂರಿನ ಪಕ್ಕದಲ್ಲೇ ಆಂಧ್ರದ ರಾಯದುರ್ಗ. ಗಡಿಯ ಈಚೆ ನಾಯಕ, ಬೇಡ, ವಾಲ್ಮೀಕಿ ಎನಿಸಿಕೊಳ್ಳುವವರು ಪರಿಶಿಷ್ಟ ಪಂಗಡ. ಗಡಿಯ ಆಚೆ ಅದೇ ಮೂಲದ ಜನ ಬೋಯ, ವಾಲ್ಮೀಕಿ ಬೋಯ. ಅಲ್ಲಿ ಅವರು ಹಿಂದುಳಿದ ವರ್ಗದ ‘ಎ’ ಗುಂಪು. ಆಂಧ್ರದ ಪಟ್ಟಿಯಲ್ಲಿ ವಾಲ್ಮೀಕಿಗಳು ಪರಿಶಿಷ್ಟ ಪಂಗಡವಾಗುವುದು ಕಾಡು ಸೀಮೆಯ ಏಜೆನ್ಸಿ ಪ್ರದೇಶಗಳಲ್ಲಿ ಮಾತ್ರ. ಕೊಟ್ಟು ತಂದ ನಂಟಸ್ತಿಕೆ ಗಡಿಯನ್ನು ಕೇಳುವುದಿಲ್ಲ, ಸರ್ಟಿಫಿಕೇಟು ಕೇಳುತ್ತದೆ. ಬೋಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಆಂಧ್ರ ವಿಧಾನಸಭೆ 2023ರ ಮಾರ್ಚ್‌ನಲ್ಲಿ ನಿರ್ಣಯ ಮಾಡಿ ಕೇಂದ್ರವನ್ನು ಕೋರಿತು.

◆ ಒಂದು ರಾಜ್ಯದಲ್ಲಿ ಪರಿಶಿಷ್ಟರಾದವರು ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸಿದರೆ ಆ ಸ್ಥಾನಮಾನ ಬೆನ್ನಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಪಟ್ಟಿಗಳು ರಾಜ್ಯವಾರು ಆಗಿರುವುದರಿಂದ ಹಾಗೆ.

◆ ಈ ಗಡಿಗೆ ವಯಸ್ಸೆಷ್ಟು, ಗೊತ್ತೇ? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಸೀಳಲಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಅಂಗಳದ ಮಾತು ಕನ್ನಡ. ಹೊರಗಿನಿಂದ ಬಂದವರು ಒಂದು ಮಾತು ಕೇಳಿ ‘ಇವರು ತೆಲುಗರು’ ಎಂದು ತೀರ್ಮಾನಿಸುತ್ತಾರೆ. ಚಿತ್ರದುರ್ಗದ ಮಣ್ಣಲ್ಲಿ ತಲೆತಲಾಂತರದಿಂದ ಬಾಳಿದವರನ್ನು ಒಂದು ವಾಕ್ಯದಲ್ಲಿ ಪರಸ್ಥಳದವರನ್ನಾಗಿ ಮಾಡುವುದು ಇಷ್ಟು ಸುಲಭ. ಇದು ಅನ್ಯಾಯ.

◆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ, ನಾಯ್ಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಪರ್ಯಾಯ ಪದಗಳಾಗಿ ಸೇರಿದ್ದು 1991ರಲ್ಲಿ. ಪರಿವಾರ, ತಳವಾರ ಸೇರಿದ್ದು 2020ರಲ್ಲಿ. ಆ ದಿನಗಳ ಹಿಂದಿನ ರಾತ್ರಿಗೂ ಮರುದಿನ ಬೆಳಿಗ್ಗೆಗೂ ಆ ಮನೆಗಳ ಮುದ್ದೆ, ಸಾರು, ದೇವರು, ಸಾಲ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಕಚೇರಿಯಲ್ಲಿ ಅವರನ್ನು ನೋಡುವ ನೋಟ, ಶಾಲೆ–ಕಾಲೇಜು–ನೌಕರಿಯ ಬಾಗಿಲು. 2008ರ ಕ್ಷೇತ್ರ ಮರುವಿಂಗಡಣೆಯ ಚುನಾವಣೆಯಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು.

◆ ಕರ್ನಾಟಕದಲ್ಲಿ ಯಾರು ಹಿಂದುಳಿದವರು ಎಂಬುದನ್ನು ಮನೆಮನೆ ಲೆಕ್ಕದ ಮೇಲೆ ಗುರುತಿಸಲು ದೇವರಾಜ ಅರಸು 1972ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷರು ಎಲ್.ಜಿ. ಹಾವನೂರು. ಅವರೇ ಬೇಡ ಸಮುದಾಯದಿಂದ ಬಂದವರು. ಹೆಸರಿನ ಭಾರ ಹೊತ್ತವರ ಕೈಗೇ ಹೆಸರುಗಳ ಪಟ್ಟಿ ಬಂದ ಅಪರೂಪದ ಪ್ರಸಂಗ ಅದು. ವರದಿ ಬಂದದ್ದು 1975ರಲ್ಲಿ.

◆ ‘ಬೇಡ’ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ಬಿಲ್ಲು, ಬಾಣ, ಬೇಟೆ. ಈಗ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರ ಹಟ್ಟಿಯೊಂದಕ್ಕೆ ಬನ್ನಿ. ಅವರ ಬದುಕಿನ ನಡುಗಂಬ ದನ. ದೇವರಿಗೆ ಬಿಟ್ಟ ಎತ್ತುಗಳ ಹಿಂಡುಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಊರೂರು ಬಿಟ್ಟು ಮೇವು ನೀರು ಅರಸಿ ಹಿಂಡಿನ ಜೊತೆ ಅಲೆಯುವುದು ಅವನ ಬಾಳು. ಬರಗಾಲ ಬಂದಾಗ ದೇವರ ಎತ್ತುಗಳಿಗೆ ಮೇವು ಕೊಡಿ ಎಂದು ಇಲ್ಲಿಯ ಹಿರಿಯರು ಸರ್ಕಾರವನ್ನು ಅಂಗಲಾಚುತ್ತಾರೆ. ಬೇಟೆಗಾರರು ಎಂಬ ಚೀಟಿ ಹಚ್ಚಿ ನೋಡುವವರಿಗೆ ಈ ಗೋವಳರು ಕಾಣುವುದೇ ಇಲ್ಲ.

◆ ನನ್ನಿವಾಳ ಮ್ಯಾಸಬೇಡರ ಕಟ್ಟೆಮನೆಗಳಲ್ಲೊಂದು. ಹಲವು ಹಟ್ಟಿಗಳ ನ್ಯಾಯ, ಹಬ್ಬ, ಕಟ್ಟಳೆಗಳನ್ನು ನೋಡಿಕೊಳ್ಳುವ ಹಿರಿಯರ ನೆಲೆ ಅದು. ಕೋಳಿ ತಿನ್ನಬಾರದು, ಹೆಂಡ ಮುಟ್ಟಬಾರದು ಎಂಬುದು ಮ್ಯಾಸಬೇಡರ ಹಳೆಯ ಕಟ್ಟು. ‘ಬೇಡರು ಎಲ್ಲ ಮಾಂಸ ತಿನ್ನುತ್ತಾರೆ’ ಎಂದು ತಿಳಿದು ಅತಿಥಿಗೆ ಕೋಳಿ ಸಾರು ಬಡಿಸಿದರೆ ಹಿರಿಯರು ಎಲೆ ಬಿಟ್ಟು ಏಳುತ್ತಾರೆ.

◆ ಅದೇ ಬೇಡರಲ್ಲಿ ಊರುಬೇಡರೂ ಇದ್ದಾರೆ. ಅವರಿಗೆ ಈ ಕಟ್ಟುಗಳಿಲ್ಲ. ಊರು–ಮ್ಯಾಸ ಎಂಬ ಈ ಭೇದವನ್ನು ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕುರಿತ ತನ್ನ 1909ರ ಏಳು ಸಂಪುಟಗಳಲ್ಲಿ ಬರೆದಿಟ್ಟ. ಅವನಿಗಿಂತ ಎಷ್ಟೋ ಮೊದಲೇ ಹಟ್ಟಿಯ ಮಕ್ಕಳಿಗೆ ಅದು ತಿಳಿದಿತ್ತು.

◆ ಹೆಸರಿನ ಹಿಂದಿನ ಎರಡಕ್ಷರದ ಬೆಲೆ ಕಾಡುಗೊಲ್ಲರನ್ನು ಕೇಳಬೇಕು. ಗೊಲ್ಲ ಎಂದರೆ ಒಂದೇ ಜಾತಿ ಎಂದು ಹೊರಗಿನವರ ಎಣಿಕೆ. ಕಾಡುಗೊಲ್ಲರು ತಮ್ಮ ಹಟ್ಟಿ ಬೇರೆ, ದೇವರು ಬೇರೆ, ಊರುಗೊಲ್ಲರೊಡನೆ ಕೊಡುವ ತರುವ ನಂಟಿಲ್ಲ ಎನ್ನುತ್ತಾರೆ. ಜುಂಜಪ್ಪ, ಎತ್ತಪ್ಪ, ಚಿತ್ರದೇವರು, ಕ್ಯಾತಪ್ಪ ಅವರ ಸಾಂಸ್ಕೃತಿಕ ವೀರರು. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯ ಕ್ಯಾತೇದೇವರ ಜಾತ್ರೆಯಲ್ಲಿ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಬರಿಗಾಲಲ್ಲಿ ಆ ಮುಳ್ಳುಗುಡಿ ಹತ್ತಿ ಕಳಸ ಕೀಳುತ್ತಾರೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿ ವರ್ಷಗಳೇ ಉರುಳಿವೆ. ‘ಕಾಡು’ ಎಂಬುದು ದಾಖಲೆಯಲ್ಲಿ ಬಿಟ್ಟುಹೋದಲ್ಲೆಲ್ಲ ಅವರ ವಾದ ದುರ್ಬಲವಾಗುತ್ತದೆ.

◆ ಇಷ್ಟೆಲ್ಲ ಇತಿಹಾಸ, ದೇವರು, ಆಹಾರದ ಭೇದ ಇದ್ದರೆ ತಾನೇ ‘ನಾವು’ ‘ಅವರು’ ಎನ್ನುವುದು? ಹಾಗೆಂದುಕೊಂಡಿದ್ದರೆ ಈ ಪ್ರಯೋಗವನ್ನು ಓದಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್ಫೆಲ್ 14–15 ವರ್ಷದ 64 ಹುಡುಗರಿಗೆ ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ ಎಷ್ಟಿವೆ ಎಂದು ಅಂದಾಜು ಮಾಡಿಸಿದ. ಆಮೇಲೆ ‘ನೀನು ಹೆಚ್ಚು ಎಣಿಸುವವರ ಗುಂಪು’, ‘ನೀನು ಕಡಿಮೆ ಎಣಿಸುವವರ ಗುಂಪು’ ಎಂದು ಹೇಳಿದ. ನಿಜಕ್ಕೂ ಗುಂಪು ಮಾಡಿದ್ದು ಮನಬಂದಂತೆ. ತನ್ನ ಗುಂಪಿನಲ್ಲಿ ಯಾರಿದ್ದಾರೆಂದು ಯಾವ ಹುಡುಗನಿಗೂ ತಿಳಿದಿರಲಿಲ್ಲ. ಹಂಚಬೇಕಿದ್ದ ಹಣದಲ್ಲಿ ತನಗೆ ಪಾಲೂ ಇರಲಿಲ್ಲ. ಆದರೂ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಮುಂದಿನ ಪ್ರಯೋಗದಲ್ಲಿ ಇನ್ನೂ ಕಹಿಯಾದ ಸತ್ಯ ಹೊರಬಿತ್ತು: ತಮ್ಮವರಿಗೆ ಬರುವುದು ಕಡಿಮೆಯಾದರೂ ಸರಿ, ಆ ಗುಂಪಿಗೂ ನಮಗೂ ಅಂತರ ದೊಡ್ಡದಿರಲಿ ಎಂಬ ಆಯ್ಕೆಯ ಕಡೆಗೆ ಅವರು ವಾಲಿದರು. ಫಲಿತಾಂಶ ಪ್ರಕಟವಾದದ್ದು 1970ರಲ್ಲಿ.

◆ ತಾಜ್ಫೆಲ್‌ಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಅವನು ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರಿಗೆ ಸೆರೆಸಿಕ್ಕ. ಸೆರೆಮನೆಯಲ್ಲಿ ಅವನನ್ನು ‘ಫ್ರೆಂಚ್ ಕೈದಿ’ ಎಂದು ನೋಡಿದ್ದರಿಂದ ಬದುಕಿ ಉಳಿದ. ಹೊರಗೆ ಬಂದಾಗ ಮನೆಯವರು ಬಹುತೇಕ ಯಾರೂ ಉಳಿದಿರಲಿಲ್ಲ.

◆ ನಮ್ಮ ದೇಶದ್ದೇ ಒಂದು ಪ್ರಯೋಗ, ಇದು ನನ್ನ ನಿದ್ದೆ ಕೆಡಿಸಿದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ 321 ಮೇಲ್ಜಾತಿ, 321 ಕೆಳಜಾತಿ ಎನಿಸಿಕೊಂಡ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದೆ ಕೂರಿಸಿದಾಗ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಸಮಸಮ ಬಿಡಿಸಿದರು. ಇನ್ನೊಂದು ಗುಂಪಿನಲ್ಲಿ ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿ ನಂತರ ಒಗಟು ಕೊಟ್ಟರು. ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಎದ್ದುಕಾಣುವಂತೆ ಕುಸಿಯಿತು. ಆ ಕೋಣೆಯಲ್ಲಿ ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಹಾಜರಿ ಪುಸ್ತಕ ಹಿಡಿದು ತರಗತಿಯಲ್ಲಿ ಜಾತಿವಾರು ವಿದ್ಯಾರ್ಥಿವೇತನದ ಪಟ್ಟಿ ಗಟ್ಟಿಯಾಗಿ ಓದುವ ಮೇಷ್ಟ್ರುಗಳು ಇದನ್ನು ಎರಡು ಸಲ ಓದಲಿ.

◆ ಮೇಷ್ಟ್ರ ಮಾತು ಬಂದಿತಲ್ಲ. ಭಾರತದಲ್ಲೇ ರೆಮಾ ಹನ್ನಾ ಮತ್ತು ಲೀ ಲಿಂಡೆನ್ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಪತ್ರಿಕೆಗಳ ಮೇಲೆ ಮಕ್ಕಳ ಜಾತಿಯನ್ನು ಮನಬಂದಂತೆ ನಮೂದಿಸಿ ತಿದ್ದಲು ಕೊಟ್ಟರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ಅಂಕ ತುಸು ಕಡಿಮೆ ಬಂತು. ಹೀಗೆ ಕಡಿಮೆ ಕೊಟ್ಟವರು ಹೆಚ್ಚಾಗಿ ತಾವೇ ಕೆಳಜಾತಿಗೆ ಸೇರಿದ ಮೌಲ್ಯಮಾಪಕರು. ತಲೆಮಾರುಗಳಿಂದ ಕೇಳಿದ ಮಾತನ್ನು ಮನುಷ್ಯ ತನ್ನ ಮೇಲೂ ತನ್ನವರ ಮೇಲೂ ನಂಬಿಬಿಡುತ್ತಾನೆ.

◆ ಸುಖದೇವ್ ಥೋರಟ್, ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ: 548 ಖಾಸಗಿ ನೌಕರಿ ಜಾಹೀರಾತು, 4,808 ಅರ್ಜಿ. ಓದು, ಅರ್ಹತೆ ಒಂದೇ, ಅಡ್ಡಹೆಸರು ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಅವಕಾಶ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು.

◆ 2019ರ ಸೆಪ್ಟೆಂಬರ್ 16. ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ತಮ್ಮದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ಕುಂದುಕೊರತೆ ಕೇಳುವ ಭೇಟಿ. ಪರಿಶಿಷ್ಟ ಜಾತಿಯವರು ಹಟ್ಟಿಯೊಳಗೆ ಬರುವಂತಿಲ್ಲ ಎಂದು ಕೆಲವರು ತಡೆದರು. ಸಂಸದರು ಹೊರಗೇ ಕುರ್ಚಿಯಲ್ಲಿ ಕೂತು ಮಾತಾಡಿ ಹಿಂದಿರುಗಿದರು. ಕೆಲವೇ ತಿಂಗಳ ಹಿಂದೆ ಲಕ್ಷಾಂತರ ಮತ ಪಡೆದು ಗೆದ್ದವರು, ಆಳುವ ಪಕ್ಷದವರು, ಮುಂದೆ 2021ರಲ್ಲಿ ಸಾಮಾಜಿಕ ನ್ಯಾಯ ಖಾತೆಯ ಕೇಂದ್ರ ರಾಜ್ಯ ಸಚಿವರಾದವರು. ಹಟ್ಟಿಯ ಬಾಯಲ್ಲಿ ಆ ದಿನ ಅವರಿಗಿದ್ದದ್ದು ಒಂದೇ ಗುರುತು. ತಡೆದವರೂ ಶತಮಾನಗಳಿಂದ ಊರ ಹೊರಗೆ ಉಳಿದ ಬಡ ಪಶುಪಾಲಕರೇ ಎಂಬುದನ್ನು ನೆನೆದರೆ ಸಂಕಟ ಇಮ್ಮಡಿಯಾಗುತ್ತದೆ.

◆ ಒಳಗಿನವರಿಗೂ ಹಣೆಪಟ್ಟಿ ಅಂಟುತ್ತದೆ. ಮುಟ್ಟಾದ, ಹೆತ್ತ ಹೆಂಗಸು ‘ಸೂತಕ’ದವಳಾದರೆ ಹಟ್ಟಿಯ ಹೊರಗಿನ ಗುಡಿಸಲು ಸೇರಬೇಕು ಎಂಬ ಕಟ್ಟಳೆ ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಇದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಬಾಣಂತಿಯನ್ನು ಮಳೆ ಚಳಿಯಲ್ಲಿ ಹೊರಗಿಟ್ಟಾಗ ಹಸುಗೂಸು ತೀರಿಕೊಂಡಿತು. ಸರ್ಕಾರ ‘ಕೃಷ್ಣ ಕುಟೀರ’ಗಳೆಂಬ ಕಟ್ಟಡಗಳನ್ನು ಕಟ್ಟಿಸಿಕೊಟ್ಟಿದೆ. ಕಟ್ಟಡ ಮಳೆಯನ್ನು ತಡೆದೀತು. ಹೊರಗೆ ಹಾಕುವ ಮನಸ್ಸನ್ನು ಹೇಗೆ ತಡೆಯುತ್ತದೆ? ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಮುಟ್ಟಿನ ಮಡಿ ಎಷ್ಟೋ ಜಾತಿಗಳ ಮನೆಗಳಲ್ಲಿ ಹಿಂದಿನ ಕೋಣೆಯಲ್ಲಿ ನಡೆಯುತ್ತದೆ, ಸುದ್ದಿಯಾಗುವುದಿಲ್ಲ. ಗೊಲ್ಲರಹಟ್ಟಿಯ ಹೆಸರು ಇಂಥ ಸುದ್ದಿಗೆ ಮಾತ್ರ ಪತ್ರಿಕೆಗೆ ಬಂದರೆ ಓದುಗರಿಗೆ ಆ ಜನರೆಲ್ಲ ಇಷ್ಟೇ ಎನಿಸುತ್ತದೆ.

◆ ಇಷ್ಟೇ ಅಲ್ಲ ಎನ್ನಲು ಸಿರಿಯಜ್ಜಿಯ ಹೆಸರು ಸಾಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ತಾಯಿ ಸಾವಿರಾರು ಹಾಡುಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ‘ಸಾವಿರದ ಸಿರಿಬೆಳಗು’ ಎಂದು ಗ್ರಂಥವಾಗಿಸಿದರು. ಗಣತಿಯ ಲೆಕ್ಕದಲ್ಲಿ ಸಿರಿಯಜ್ಜಿ ‘ಅನಕ್ಷರಸ್ಥೆ’. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ‘ನಾಡೋಜ’. ಎರಡೂ ಒಬ್ಬರದೇ ಗುರುತು.

◆ ಇದೇ ತಾಲ್ಲೂಕಿನ ತಳುಕಿನ ಬ್ರಾಹ್ಮಣ ಮನೆತನದ ತ.ರಾ.ಸು. ದುರ್ಗದ ಬೇಡ ಪಾಳೆಯಗಾರರ ಕಥೆಯನ್ನು ಬಾಳಿನುದ್ದಕ್ಕೂ ಬರೆದರು. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ತಳುಕಿನ ತ.ಸು. ವೆಂಕಣ್ಣಯ್ಯನವರಿಗೆ ಅವರ ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದರು. ಜಾತಿಪದ್ಧತಿಯ ವಿರುದ್ಧ ಕಟುವಾಗಿ ಮಾತಾಡಬಲ್ಲವರಾಗಿದ್ದ ಕವಿ, ಗುರುವಿನ ಎದುರು ತಲೆ ಬಾಗುವಾಗ ಜಾತಿ ನೋಡಲಿಲ್ಲ. ಗುರುವೂ ನೋಡಿರಲಿಲ್ಲ.

◆ 1779ರಲ್ಲಿ ದುರ್ಗ ಬಿದ್ದ ಮೇಲೆ ಹೈದರಾಲಿ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ ಎಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ಬೇಡರ ಹುಡುಗರನ್ನು ಆರಿಸಿ, ಮತ ಬದಲಿಸಿ, ‘ಚೇಲಾ’ ಪಡೆಗಳನ್ನು ಕಟ್ಟಲಾಯಿತು. ಮದಕರಿ ನಾಯಕನ ಕಾಲಾಳುಗಳ ಮಕ್ಕಳು ಬೇರೆ ಹೆಸರಿನಲ್ಲಿ, ಬೇರೆ ಬಾವುಟದಡಿ ಕಾದಿದರು.

◆ 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. ಬ್ರಿಟಿಷರ ಕಾಗದದಲ್ಲಿ ಅವರು ದಂಗೆಕೋರರು. ಲಾವಣಿಕಾರರ ಬಾಯಲ್ಲಿ ವೀರರು. ಸುರಪುರದ ಬೇಡ ದೊರೆ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಅವನನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರಲ್ಲಿ ಆ ಹುಡುಗ ಬ್ರಿಟಿಷರ ಸೆರೆಯಾಳಾದ.

◆ ಇಡೀ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರುವ ಕಾನೂನು ಈ ದೇಶದಲ್ಲಿ 80 ವರ್ಷ ಇತ್ತು. 1871ರಲ್ಲಿ ಬಂತು, 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿತು, 1952ರ ಆಗಸ್ಟ್ 31ಕ್ಕೆ ರದ್ದಾಯಿತು. ಹೀಗೆ ಗುರುತಿಸಿದವರನ್ನು ಬೇಲಿಯೊಳಗೆ ಕೂಡಿಹಾಕಿದ ವಸತಿ ಹುಬ್ಬಳ್ಳಿಯಲ್ಲಿತ್ತು. ಆ ಬಡಾವಣೆಯನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎನ್ನುತ್ತಾರೆ. ಅಲ್ಲಿಯ ವಿಳಾಸ ಕೇಳಿದೊಡನೆ ಮುಖ ನೋಡುವವರು ಈಗಲೂ ಇದ್ದಾರೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರು ಇದ್ದೇ ಇದೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಆ ಮನೆಯ ಮಗು ತಾನು ಕಳ್ಳನೆಂದು ಬರೆದ ಕಾಗದವನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಸ್ವತಂತ್ರ ದೇಶದ ಕಾಗದದಲ್ಲಿ ಈ ಹೆಸರು ಉಳಿಯಬಾರದು. ಅವರು ಬಯಸುವ ಹೆಸರನ್ನು ಅವರನ್ನೇ ಕೇಳಿ ಬದಲಿಸಬೇಕು.

◆ ಗೌರವಕ್ಕೆಂದು ಕೊಟ್ಟ ಹೆಸರೂ ತೊಡಕಾಗಬಲ್ಲದು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಬಂದವು. ಅವಮಾನದ ಹೆಸರಿನಿಂದ ಬಿಡುಗಡೆ ಸಿಕ್ಕಿತು. ಆದರೆ ಮಾದಿಗರೂ ಹೊಲೆಯರೂ ಒಂದೇ ಹೆಸರಿನೊಳಗೆ ಸೇರಿದರು. ಒಳಮೀಸಲಾತಿ ಕೊಡಬಹುದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ತೀರ್ಪಿತ್ತ ಮೇಲೆ 2025ರಲ್ಲಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷಕರು ಮನೆಮನೆಗೆ ಹೋದರು. ಎಷ್ಟೋ ಕುಟುಂಬಗಳು ಆದಿ ಕರ್ನಾಟಕ ಎಂದಷ್ಟೇ ಬರೆಸಿದವು. ನಗರದಲ್ಲಿ ಬಾಡಿಗೆ ಮನೆ ಕೈತಪ್ಪೀತೆಂಬ ಭಯದಿಂದ ಮೂಲಜಾತಿ ಬಾಯಿಬಿಡದವರನ್ನು ದೂರಲು ನನಗೆ ಮನಸ್ಸಿಲ್ಲ.

◆ ತಾಂಡಾ, ಹಟ್ಟಿ, ಹಾಡಿ, ಕ್ಯಾಂಪ್ ಇವು ಊರಿನ ಹೆಸರೋ ಜನರ ಹೆಸರೋ? ಎರಡೂ. ಸರ್ಕಾರದ ಪುಸ್ತಕದಲ್ಲಿ ‘ಕಂದಾಯ ಗ್ರಾಮ’ ಎಂದು ಬರೆಯುವ ತನಕ ಅಲ್ಲಿ ತಲೆಮಾರುಗಳಿಂದ ಬಾಳಿದವರಿಗೆ ಮನೆಯ ಹಕ್ಕುಪತ್ರವಿರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಸುಮಾರು 52,000 ಲಂಬಾಣಿ ಮತ್ತಿತರ ಕುಟುಂಬಗಳಿಗೆ ಹಕ್ಕುಪತ್ರ ಹಂಚುವುದಕ್ಕೆ ಚಾಲನೆ ಕೊಟ್ಟರು.

◆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಿರು ಶಾಸನಗಳಿರುವುದು ಬಹಳ ಜನರಿಗೆ ಗೊತ್ತು. ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ. ಅವುಗಳಲ್ಲಿ ಏನು ಬರೆದಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಧರ್ಮದಿಂದ ನಡೆದರೆ ಸಿಗುವ ಫಲ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ದಕ್ಕುತ್ತದೆ ಎಂದು ಅರಸ ಅಲ್ಲಿ ಸಾರುತ್ತಾನೆ. 2,200 ವರ್ಷಗಳಿಗೂ ಹಿಂದೆ, ಇದೇ ಕಲ್ಲುಗುಡ್ಡಗಳಲ್ಲಿ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಉಳಿದೆಲ್ಲ ಬ್ರಾಹ್ಮಿ ಲಿಪಿ. ‘ಲಿಪಿಕಾರನಿಂದ’ ಎಂಬ ಮಾತನ್ನು ಮಾತ್ರ ಅವನು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದ. ಅಷ್ಟು ದೂರದ ಅಕ್ಷರ ಕಲಿತ ಒಬ್ಬನ ಕೈಬರಹ ನಮ್ಮ ತಾಲ್ಲೂಕಿನ ಅತ್ಯಂತ ಹಳೆಯ ಬರಹ.

◆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹನ್ನೆರಡನೆಯ ಬಂಡೆಶಾಸನವೂ ಇದೆ. ಅದರ ತಾತ್ಪರ್ಯ: ತನ್ನ ಪಂಥವನ್ನು ಹೊಗಳಲೆಂದು ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆ.

◆ ಹತ್ತು ತಿಂಗಳ ಕೂಸೂ ಗುಂಪು ಗುರುತಿಸುತ್ತದೆ! ಕ್ಯಾಥರೀನ್ ಕಿಂಜ್ಲರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ, ಫ್ರಾನ್ಸಿನ ಕೂಸುಗಳು ತಮ್ಮ ಮನೆಮಾತಿನವರು ಚಾಚಿದ ಆಟಿಕೆಯ ಕಡೆಗೇ ಹೆಚ್ಚು ಕೈಚಾಚಿದವು. ಕೇಳಿದ ದನಿ ಇಷ್ಟವಾಗುವುದು ಹುಟ್ಟುಗುಣ ಇರಬಹುದು. ಕೇಳದ ದನಿಯನ್ನು ಕೀಳೆನ್ನುವುದನ್ನು ಆ ಕೂಸಿಗೆ ಕಲಿಸುವವರು ನಾವು.

◆ 1968ರ ಏಪ್ರಿಲ್ 5. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ ಅಮೆರಿಕದ ಅಯೋವಾದ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದಿಂದ ಎರಡು ಮಾಡಿ ಒಂದು ಗುಂಪು ಮೇಲು ಎಂದರು. ಕೆಲವೇ ತಾಸುಗಳಲ್ಲಿ ಗೆಳೆಯರು ಗೆಳೆಯರನ್ನೇ ಹಂಗಿಸತೊಡಗಿದರು.

◆ ಹಣೆಪಟ್ಟಿ ಕಟ್ಟುವುದು ಇಷ್ಟು ಸುಲಭವಾದರೆ, ಬಿಚ್ಚುವುದು? 1954ರಲ್ಲಿ ಮುಜಫರ್ ಶರೀಫ್ ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಪಾಳಯ ಮಾಡಿದ. ‘ಹದ್ದುಗಳು’ ಮತ್ತು ‘ಬುಡಬುಡಿಕೆ ಹಾವುಗಳು’ ಎಂದು ಅವರೇ ಹೆಸರಿಟ್ಟುಕೊಂಡರು. ಪಂದ್ಯ ಇಟ್ಟೊಡನೆ ಬೈಗುಳ, ಬಾವುಟ ಸುಡುವುದು, ಗುಡಿಸಲಿಗೆ ನುಗ್ಗುವುದು ಶುರುವಾಯಿತು. ಒಟ್ಟಿಗೆ ಕೂರಿಸಿ ಊಟ ಹಾಕಿದರೆ ತಿನಿಸು ಎರಚಾಡಿದರು. ಕೊನೆಗೆ ಶಿಬಿರಕ್ಕೆ ಬರುವ ನೀರು ನಿಂತಾಗ ಎರಡೂ ಪಾಳಯದವರು ಸೇರಿ ಕೊಳವೆಯ ದಾರಿ ಹುಡುಕಬೇಕಾಯಿತು. ಕೆಟ್ಟು ನಿಂತ ಲಾರಿಯನ್ನು ಒಂದೇ ಹಗ್ಗ ಹಿಡಿದು ಎಳೆಯಬೇಕಾಯಿತು. ದ್ವೇಷ ಇಳಿಯಿತು. ಟ್ಯಾಂಕರ್ ನೀರಿಗೆ ಬಿಂದಿಗೆ ಸಾಲಿಡುವ ಚಳ್ಳಕೆರೆ ಸೀಮೆಯವರಿಗೆ ಈ ಪ್ರಯೋಗ ಬೇಗ ಅರ್ಥವಾಗುತ್ತದೆ: ಸರದಿಗೆ ಜಗಳವಾಡಿದರೆ ಕೇರಿಗಳು ಒಡೆಯುತ್ತವೆ, ಕೂಡಿ ಕೆರೆಯ ಹೂಳೆತ್ತಿದರೆ ಹತ್ತಿರವಾಗುತ್ತವೆ.

◆ ಕ್ರಿಕೆಟ್ಟಿನಲ್ಲಿ ಇದು ಇನ್ನೂ ಸ್ಪಷ್ಟ. ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಯುವಕರ ಕ್ರಿಕೆಟ್ ಲೀಗ್ ಏರ್ಪಡಿಸಿದ. ಕೆಲವು ತಂಡ ಒಂದೇ ಜಾತಿಯವು, ಕೆಲವು ಬೆರಕೆ. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯ ತಂಡಗಳ ಎದುರು ಹೆಚ್ಚು ಆಡಿದವರಲ್ಲಿ ಅಂಥ ಗೆಳೆತನ ಕಡಿಮೆಯಾಯಿತು. ಊರ ಹಬ್ಬಕ್ಕೆ ಕೇರಿಗೊಂದು ತಂಡ ಮಾಡಿ ಕಪ್ ಇಡುವ ಯುವಕ ಸಂಘಗಳೇ, ಮುಂದಿನ ಸಲ ತಂಡಗಳನ್ನು ಚೀಟಿ ಎತ್ತಿ ಮಾಡಿ ನೋಡಿ.

◆ ಮಾರ್ಕ್ ಲೆವಿನ್ 2005ರಲ್ಲಿ ಪ್ರಕಟಿಸಿದ ಪ್ರಯೋಗ: ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿಗಳ ಎದುರು ಒಬ್ಬ ಓಡುತ್ತಾ ಎಡವಿ ಬೀಳುತ್ತಾನೆ. ತಮ್ಮ ತಂಡದ ಅಂಗಿ ತೊಟ್ಟಿದ್ದರೆ ಎತ್ತಲು ಓಡಿದರು. ಎದುರಾಳಿ ಲಿವರ್‌ಪೂಲ್ ಅಂಗಿಯಾದರೆ ಬಹುತೇಕರು ನೋಡಿ ಮುಂದೆ ಹೋದರು. ಇನ್ನೊಂದು ಗುಂಪಿನವರಿಗೆ ಮೊದಲೇ ‘ಫುಟ್‌ಬಾಲ್ ಪ್ರೇಮಿಗಳಾದ ನೀವು’ ಎಂದು ಮಾತು ತೆಗೆದಿದ್ದರು. ಅವರು ಲಿವರ್‌ಪೂಲ್ ಅಂಗಿಯವನನ್ನೂ ಎತ್ತಿದರು. ಯಾವ ತಂಡದ ಅಂಗಿಯೂ ಇಲ್ಲದವನು ಮಾತ್ರ ಬಹುಮಟ್ಟಿಗೆ ಬಿದ್ದಲ್ಲೇ ಉಳಿದ. ನಾವು ಎನ್ನುವ ವೃತ್ತ ದೊಡ್ಡದಾದರೂ ಹೊರಗೆ ಒಬ್ಬ ಉಳಿಯುತ್ತಾನೆ, ಅವನನ್ನು ಹುಡುಕಬೇಕು.

◆ ಕೊನೆಯದು, ನಿಮ್ಮ ಮನೆಬಾಗಿಲಿಗೇ ಬರುವುದು. 1931ರ ಜನಗಣತಿಯಲ್ಲಿ ದೇಶದ ಜಾತಿಗಳು 4,147 ಎಂದು ಲೆಕ್ಕವಾಗಿತ್ತು. 2011ರ ಸಾಮಾಜಿಕ–ಆರ್ಥಿಕ ಜಾತಿ ಗಣತಿಯಲ್ಲಿ ಜನ ಹೇಳಿದ, ಗಣತಿದಾರರು ಬರೆದ ಹೆಸರುಗಳು 46 ಲಕ್ಷ ದಾಟಿದವು. ಜಾತಿಯ ಜಾಗದಲ್ಲಿ ಬೆಡಗು, ಮನೆತನ, ಅಡ್ಡಹೆಸರು, ಕಾಗುಣಿತದ ತಪ್ಪು ಎಲ್ಲ ಸೇರಿಕೊಂಡವು. ಆ ಜಾತಿ ಅಂಕಿಅಂಶ ಪ್ರಕಟವಾಗಲೇ ಇಲ್ಲ. ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಹೇಳಿದೆ. ಗಣತಿಗೆ ಬಂದವರು ‘ಯಾರ ಪೈಕಿ?’ ಎಂದಾಗ ಮ್ಯಾಸ, ಊರು, ಕಾಡು ಎಂಬುದನ್ನು ಬಿಡದೆ ಪೂರ್ತಿ ಹೇಳಿ, ಬರೆದದ್ದನ್ನು ಓದಿಸಿ ಕೇಳಿ. ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನೆರೆಮನೆಯ ಅಜ್ಜಿಯೊಬ್ಬರೇ ಇದ್ದರೆ, ಅವರು ಯಾರ ಪೈಕಿಯಾದರೂ ಸರಿ, ಹೋಗಿ ಅವರ ಹೆಸರೂ ಸರಿಯಾಗಿ ಬರೆಯಿಸಿ ಬನ್ನಿ.